ಚಿತ್ತಿಲ್ಲದ ಹಾಜರಿ ಪುಸ್ತಕ

ನನ್ನ ಅಕ್ಷರ ಚೆಂದ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಕಥೆಗೆ ಬೇಕಾಗಿ ಹೇಳುತ್ತಿದ್ದೇನೆ. ಶಾಲೆಯಲ್ಲಿ ಬೋರ್ಡಿನ ಮೇಲೆ ದಿನಾಂಕ ಬರೆಯಲು ಮೇಷ್ಟ್ರು ನನ್ನನ್ನೇ ಕರೆಯುತ್ತಿದ್ದರು. ಮದುವೆಯಾಗಿ ಹೊಸದುರ್ಗಕ್ಕೆ ಬಂದ ಮೂರನೇ ತಿಂಗಳಿಗೆ ಮಾವನವರು ನನ್ನ ಕೈಬರಹ ನೋಡಿ, "ಇನ್ಮ್ಯಾಲೆ ಫ್ಯಾಕ್ಟರಿ ಪುಸ್ತಕ ಎಲ್ಲಾ ನಿಂದೇ ಕಣಮ್ಮ" ಎಂದು ಹಾಜರಿ ಪುಸ್ತಕವನ್ನು ನನ್ನ ಮುಂದಿಟ್ಟರು. ಅಂದಿನಿಂದ ಇಂದಿನವರೆಗೆ ಅದರಲ್ಲಿ ಒಂದೇ ಒಂದು ಚಿತ್ತು ಬಿದ್ದಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಮ್ಮೆ ಪುಟ ತಿರುವಿ, "ಇಷ್ಟು ನೀಟಾಗಿ ಯಾರೂ ಇಡೋದಿಲ್ಲಮ್ಮ" ಎಂದಿದ್ದರು. ಅವತ್ತು ನಾನು ಮನೆಯಲ್ಲಿ ಹೋಳಿಗೆ ಮಾಡಿದ್ದೆ.

ಫ್ಯಾಕ್ಟರಿ ಎಂದರೆ ದೊಡ್ಡದೇನಲ್ಲ. ಬಾಗೂರಿನ ಕಡೆ ಹೋಗುವ ದಾರಿಯಲ್ಲಿ ತಗಡಿನ ಎರಡು ಶೆಡ್ಡು, ತೆಂಗಿನ ಸಿಪ್ಪೆಯ ರಾಶಿ, ಸಿಪ್ಪೆಯನ್ನು ಬಡಿದು ನಾರು ತೆಗೆಯುವ ಯಂತ್ರ, ನಾರು ಒಣಗಿಸುವ ಕಣ. ಹದಿನೆಂಟು ಜನ ಕೆಲಸದವರು. ಎಲ್ಲರೂ ಸುತ್ತಲಿನ ಹಳ್ಳಿಯವರು, ಎಲ್ಲರ ಮನೆಯಲ್ಲೂ ಒಂದಿಷ್ಟು ಹೊಲ, ಒಂದೆರಡು ದನ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಈಗ ಎತ್ತಿಗಿಂತ ಟ್ರಾಕ್ಟರೇ ಹೆಚ್ಚಾದರೂ ಸೋಮವಾರ ಟ್ರಾಕ್ಟರನ್ನೂ ಹೊಲಕ್ಕೆ ಇಳಿಸದವರಿದ್ದಾರೆ. ನಮ್ಮ ಮಾವನವರು ಅದನ್ನು ಫ್ಯಾಕ್ಟರಿಗೂ ತಂದರು. "ಸೋಮವಾರ ಬೆಲ್ಟ್ ತಿರುಗಬಾರ್ದು" ಎಂದರೆ ಮುಗಿಯಿತು. ಹಾಗಾಗಿ ನಮ್ಮಲ್ಲಿ ವಾರದ ರಜೆ ಸೋಮವಾರ, ಭಾನುವಾರ ಪೂರ್ತಿ ಕೆಲಸ. ಕೆಲಸದವರಿಗೂ ಅದೇ ಬೇಕಾಗಿತ್ತು.

ಆದರೆ ಚಿತ್ರದುರ್ಗದಲ್ಲಿ ಇಂಥ ಕಾಗದಪತ್ರ ನೋಡಿಕೊಳ್ಳುವ ಕನ್ಸಲ್ಟೆಂಟ್ ಒಬ್ಬರಿದ್ದರು. ವರ್ಷಕ್ಕೊಮ್ಮೆ ಅವರು ಕಳಿಸುವ ಪುಸ್ತಕದಲ್ಲಿ ಭಾನುವಾರದ ಚೌಕದ ಮನೆಗಳಿಗೆಲ್ಲ ಕೆಂಪು ಬಣ್ಣ ಅಚ್ಚಾಗಿ ಬರುತ್ತಿತ್ತು. ನಾನು ಕೇಳಿದಾಗ ಅವರು, "ಗೌರ್ಮೆಂಟ್ ರಜೆ ಭಾನುವಾರ ಅಲ್ವಾ ಮೇಡಂ? ಹಂಗೇ ತುಂಬ್ರಿ, ಯಾಕ್ ಸುಮ್ನೆ ತಲೆನೋವು" ಎಂದರು. ನಾನು ಹಾಗೇ ತುಂಬಿದೆ. ಸೋಮವಾರದ ರಜೆಯನ್ನು ಭಾನುವಾರದ ಮನೆಯಲ್ಲಿ ಬರೆಯುವುದು, ಭಾನುವಾರದ ಹಾಜರಿಯನ್ನು ಸೋಮವಾರದ ಮನೆಯಲ್ಲಿ ಬರೆಯುವುದು. ವಾರಕ್ಕೆ ಆರು ದಿನ ಕೆಲಸ, ಒಂದು ದಿನ ರಜೆ. ಯಾರಿಗೂ ಮೋಸವಿಲ್ಲ. ಹೀಗೆ ಹದಿನಾಲ್ಕು ವರ್ಷ, ಪ್ರತಿ ವಾರ, ಎರಡು ಸುಳ್ಳನ್ನು ಚೆಂದದ ಅಕ್ಷರದಲ್ಲಿ ಬರೆದೆ.

ಯಂತ್ರ ನೋಡಿಕೊಳ್ಳುತ್ತಿದ್ದವರು ಮಾವನವರ ಕಾಲದಿಂದಲೂ ಇದ್ದ ಹಿರಿಯರು. ಐದು ಮೈಲಿ ಆಚೆಯ ಹಳ್ಳಿಯವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಾರೆ ಎನ್ನುತ್ತಿದ್ದರು. ಶಾಲೆಗೆ ಹೋದವರಲ್ಲ, ದೊಡ್ಡವರಾದ ಮೇಲೆ ಸಹಿ ಹಾಕುವುದು ಕಲಿತಿದ್ದರು. ನನ್ನ ಪುಸ್ತಕದಲ್ಲಿ ಸಹಿ ಹಾಕುವಾಗ ನಾಲಿಗೆಯ ತುದಿ ಹೊರಗಿಟ್ಟು, ಗೆರೆ ದಾಟದ ಹಾಗೆ ಎಷ್ಟು ಜೋಪಾನ ಮಾಡುತ್ತಿದ್ದರೆಂದರೆ, ಹಿಂದೆ ನಿಂತವರು "ಏನಣ್ಣ, ರಂಗೋಲಿ ಬಿಡ್ತೀಯ?" ಎಂದು ರೇಗಿಸುತ್ತಿದ್ದರು.

ಎರಡು ವರ್ಷದ ಹಿಂದಿನ ಒಂದು ಭಾನುವಾರ ಹತ್ತು ಗಂಟೆಗೆ ಕರೆಂಟು ಹೋಯಿತು. ಯಂತ್ರದ ಬಾಯಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು. ಹೇಗೂ ನಿಂತಿದೆಯಲ್ಲ ಎಂದು ಅಣ್ಣ ಕೈ ಹಾಕಿ ಕೀಳುತ್ತಿದ್ದರು. ಕರೆಂಟು ಬಂತು. ಯಾರೂ ಸ್ವಿಚ್ ಮುಟ್ಟಲಿಲ್ಲ. ಯಂತ್ರ ತಾನೇ ತಿರುಗಿತು. ಏಕೆಂದರೆ ಅದಕ್ಕೆ ನನ್ನ ಯಜಮಾನರು ಆಟೋ ಹಾಕಿಸಿದ್ದರು. ಹೊಲದ ಬೋರ್‌ವೆಲ್ಲಿಗೆ ಎಲ್ಲರೂ ಹಾಕಿಸುವ ಅದೇ ಪೆಟ್ಟಿಗೆ; ಯಾವ ಹೊತ್ತಿಗೆ ತ್ರೀಫೇಸ್ ಬಂದರೂ ಮೋಟರು ತಾನೇ ಶುರುವಾಗಲಿ ಎಂದು. ನೀರೆತ್ತುವ ಮೋಟರಿಗೆ ಸರಿ ಹೋಗುವುದು ಮನುಷ್ಯರು ಕೈ ಹಾಕುವ ಯಂತ್ರಕ್ಕೂ ಸರಿ ಹೋಗುತ್ತದೆ ಎಂದುಕೊಂಡಿದ್ದ ದಡ್ಡರು ನಾವು. ಅಣ್ಣನ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು.

ಟವೆಲ್ಲು ಸುತ್ತಿ ಕಾರಿನಲ್ಲಿ ಹೊಸದುರ್ಗದ ಆಸ್ಪತ್ರೆಗೆ ಹೊರಟೆವು. ಯಜಮಾನರು ಗಾಡಿ ಓಡಿಸುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಅಣ್ಣನ ಕೈಯನ್ನು ಮೇಲಕ್ಕೆ ಹಿಡಿದುಕೊಂಡು ಕೂತಿದ್ದೆ. ಅದೇ ಹೊತ್ತಿಗೆ ಕನ್ಸಲ್ಟೆಂಟಿಗೆ ಫೋನು ಹಚ್ಚಿದೆ. ಏನು ಮಾಡಬೇಕೆಂದು ಕೇಳಲು, ಅಷ್ಟೆ.

"ಭಾನುವಾರ ಮೇಡಂ!" ಎಂದರು ಅವರು. "ಪುಸ್ತಕದಾಗೆ ಫ್ಯಾಕ್ಟರಿ ಬಂದ್ ಐತೆ. ಈಗ ಫ್ಯಾಕ್ಟರೀಲಿ ಆತು ಅಂದ್ರೆ ಅಷ್ಟೂ ವರ್ಷದ ಪುಸ್ತಕ ಸುಳ್ಳಾಗ್ತಾವೆ. ಪೊಲೀಸು, ಕೇಸು, ಲೈಸೆನ್ಸು. ಮನೇಲಿ ಆತು ಅಂತ ಬರೆಸ್ರಿ."

ಅಣ್ಣನಿಗೂ ಕೇಳಿಸಿತು. ಕಾರಿನಲ್ಲಿ ಎಷ್ಟು ಜಾಗ ಇರುತ್ತದೆ?

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ಉತ್ತರ ಕೊಟ್ಟಿದ್ದು ನಾನು. ಯಜಮಾನರು ಕಾರು ನಿಲ್ಲಿಸಲು ಹೋಗಿದ್ದರು, ಅವರ ಮೇಲೆ ಹಾಕುವ ಹಾಗೂ ಇಲ್ಲ. "ಮನೇಲಿ ಮೇವು ಕತ್ತರಿಸೋ ಮಿಷನ್ನಿಗೆ ಸಿಕ್ಕಿತು ಸಾರ್" ಎಂದೆ. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. ಮನೆಮನೆಯಲ್ಲೂ ಮೇವು ಕತ್ತರಿಸುವ ಯಂತ್ರವಿರುತ್ತದೆ, ಅವರ ಮನೆಯಲ್ಲೂ ಇತ್ತು. ಡಾಕ್ಟರು ಅಣ್ಣನ ಕಡೆ ಬಗ್ಗಿ, "ಹೌದೇನಪ್ಪ?" ಎಂದರು. ಅಣ್ಣ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಇರಲಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಕೇಳುವಾಗ ನೋಡುತ್ತಿದ್ದರಲ್ಲ, ಹಾಗೆ ನೋಡಿ, "ಹೌದು ಸಾ" ಎಂದರು.

ಮಂಗಳವಾರ ಪುಸ್ತಕ ಬರೆಯಲು ಕೂತೆ. ಭಾನುವಾರದ ಸಹಿಗಳನ್ನು ಯಾವಾಗಲೂ ಮಂಗಳವಾರವೇ ಹಾಕಿಸುತ್ತಿದ್ದುದು. ಭಾನುವಾರದ ಹಾಜರಿ ಸೋಮವಾರದ ಮನೆಗೆ ಹೋಗಬೇಕಲ್ಲ. ಹದಿನೇಳು ಜನಕ್ಕೆ ಹಾಜರಿ ಹಾಕಿದೆ. ಅಣ್ಣ ಭಾನುವಾರವೇ ಮನೆಯಲ್ಲಿ ಕೈ ಕತ್ತರಿಸಿಕೊಂಡವರು. ಸೋಮವಾರ ಕೆಲಸಕ್ಕೆ ಬರುವುದೆಲ್ಲಿಂದ? ಅವರ ಹೆಸರಿನ ಮುಂದಿನ ಚೌಕದಲ್ಲಿ ಗೈರು ಎಂದು ಬರೆದೆ. ನಮ್ಮ ಯಂತ್ರಕ್ಕೆ ಬೆರಳು ಕೊಟ್ಟ ದಿನ ಅವರು ಕೆಲಸಕ್ಕೇ ಬಂದಿರಲಿಲ್ಲ ಎಂದು ನನ್ನ ಚೆಂದದ ಅಕ್ಷರ ಹೇಳಿತು.

ಆಸ್ಪತ್ರೆಯ ಖರ್ಚು, ದಾವಣಗೆರೆಯ ಆಪರೇಷನ್ನು ಎಲ್ಲ ನಾವೇ ನೋಡಿಕೊಂಡೆವು. ನಾಲ್ಕು ತಿಂಗಳ ಮೇಲೆ ಗೇಟು ಕಾಯುವ ಕೆಲಸ ಕೊಟ್ಟೆವು. ಕಣ್ಣಾರೆ ಕಂಡ ಕೆಲಸದವರಿಗೆ ಬಾಯಿ ಬಿಡಬೇಡಿ ಎಂದಿದ್ದೆವು; ಅಣ್ಣನ ಹಳ್ಳಿಯವರು ಅವರಲ್ಲಿ ಯಾರೂ ಇರಲಿಲ್ಲ. ಊರಿನಲ್ಲಿ ನಮ್ಮನ್ನು ಹೊಗಳಿದವರೂ ಇದ್ದಾರೆ. ಮನೇಲಿ ಕೈ ಕಳ್ಕೊಂಡೋನ್ನ ಯಾರು ಇಷ್ಟು ನೋಡ್ತಾರೆ ಎಂದು. ಆ ಮಾತು ಕೇಳಿದಾಗ ನಾನು ಸೆರಗು ಸರಿಮಾಡಿಕೊಂಡೆ. ಅಣ್ಣನಿಗೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇತ್ತು. ಕೆಲಸದ ಜಾಗದಲ್ಲಿ ಆದ ಗಾಯವೆಂದು ನಾವು ವರದಿ ಕೊಟ್ಟಿದ್ದರೆ ಅವರಿಗೆ ಬದುಕಿರುವವರೆಗೂ ತಿಂಗಳು ತಿಂಗಳು ಪರಿಹಾರ ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ.

ಗೇಟಿನವರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು. ಅಣ್ಣ ಈಗ ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ. ಮೊದಲ ದಿನ ಅದು ಗೆರೆ ದಾಟಿ ಪಕ್ಕದ ಮನೆಗೆ ತಗುಲಿತು. "ಚಿತ್ತಾತು ಅಮ್ಮಾರೆ" ಎಂದು ಅವರೇ ನೊಂದುಕೊಂಡರು. ಅಂದಿನಿಂದ ಅವರ ಹೆಬ್ಬೆರಳು ಹಿಡಿದು ಸರಿಯಾದ ಜಾಗಕ್ಕೆ ನಾನೇ ಒತ್ತಿಸುತ್ತಿದ್ದೆ. ಆ ಒಂದು ನಿಮಿಷ ಅವರ ಬಲಗೈಯ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಆಮೇಲೆ ಟೀ ಕುಡಿದು ಕೆಲಸ ನೋಡುತ್ತಿದ್ದೆ.

ಈಚೆಗೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಆಗ ಚಿತ್ರದುರ್ಗದಲ್ಲಿ ನಮ್ಮಂಥ ಸಣ್ಣ ಮಾಲೀಕರಿಗೆಂದು ಒಂದು ತಿಳಿವಳಿಕೆ ಸಭೆ ಕರೆದಿದ್ದರು. ಎಲ್ಲ ಕೆಲಸದವರಿಗೂ ನೇಮಕಾತಿ ಪತ್ರ ಕೊಡಬೇಕು, ಪುಸ್ತಕಗಳನ್ನು ಕಂಪ್ಯೂಟರಿನಲ್ಲೂ ಇಡಬಹುದು, ಇಂಥ ವಿಷಯ. ಹೊಳಲ್ಕೆರೆ, ಹಿರಿಯೂರು, ಎಲ್ಲ ಕಡೆಯಿಂದ ಬಂದಿದ್ದರು. ಅಧಿಕಾರಿ ಸಮಾಧಾನದ ಮನುಷ್ಯ, ಎಲ್ಲರನ್ನೂ ಕೇಳಿಕೇಳಿ ಉತ್ತರ ಹೇಳುತ್ತಿದ್ದರು. ಹಿರಿಯೂರಿನ ಕಡೆಯ ಇಟ್ಟಿಗೆ ಗೂಡಿನವರೊಬ್ಬರು ಎದ್ದು, "ಸಾರ್, ನಮ್ಮಲ್ಲಿ ಸೋಮವಾರ ರಜೆ, ಭಾನುವಾರ ಕೆಲ್ಸ. ಹಿಂದ್ಲಿಂದ ಬಂದಿರೋದು. ಹೊಸ ಕಾನೂನಿನಾಗೆ ತಪ್ಪಾಗ್ತೈತಾ?" ಎಂದರು.

ನಾನು ಪೆನ್ನು ಬಿಗಿಯಾಗಿ ಹಿಡಿದುಕೊಂಡೆ. ತಪ್ಪೆಂದು ಹೇಳಲಿ ಎಂದು ಬೇಡಿಕೊಂಡೆ. ನಿಜವಾಗಿ ಬೇಡಿಕೊಂಡೆ.

"ಯಾಕ್ ತಪ್ಪು?" ಎಂದರು ಅಧಿಕಾರಿ. "ವಾರಕ್ಕೊಂದು ದಿನ ರಜೆ ಕೊಡಬೇಕು ಅಷ್ಟೆ. ಯಾವ ದಿನ ಅಂತ ಒಂದು ಹಾಳೇಲಿ ಬರೆದು ಗೋಡೆಗೆ ಅಂಟಿಸಿ, ನಮಗೊಂದು ಪ್ರತಿ ಕೊಡಿ. ಹಳೇ ಕಾಯ್ದೇಲೂ ನೋಟಿಸ್ ಕೊಟ್ಟು ಭಾನುವಾರದ ಬದ್ಲು ಸೋಮವಾರ ಮಾಡ್ಕೊಳ್ಳೋಕೆ ಅವಕಾಶ ಇತ್ತಲ್ಲ?"

ಒಂದು ಹಾಳೆ. ಅಷ್ಟು ವರ್ಷ ನಾನು ಸುಳ್ಳು ಬರೆದದ್ದು ಬರೆಯಬೇಕಾಗಿಯೇ ಇರದ ಸುಳ್ಳು. ಯಾರೂ ಕೇಳಿರದ ಸುಳ್ಳನ್ನು ಕಾಪಾಡುವುದಕ್ಕೆ ಒಬ್ಬ ಮನುಷ್ಯನ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸಿದ್ದೆ. ಊಟಕ್ಕೆ ಪಲಾವ್ ಕೊಟ್ಟರು, ತಟ್ಟೆ ಹಿಡಿದುಕೊಂಡು ಮೂಲೆಗೆ ಹೋಗಿ ನಿಂತೆ. ಆ ಇಟ್ಟಿಗೆ ಗೂಡಿನವರು ಎರಡನೇ ಸಲ ಬಡಿಸಿಕೊಂಡು ನಗುನಗುತ್ತಾ ತಿನ್ನುತ್ತಿದ್ದರು. ಅವರ ಮೇಲೆ ನನಗೆ ಉರಿದುಹೋಯಿತು. ಕೇಳಿದ್ದಷ್ಟೇ ಅವರ ತಪ್ಪು, ನಾನು ಯಾವ ಅಧಿಕಾರಿಯನ್ನೂ ಒಮ್ಮೆಯೂ ಕೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಧಿಕಾರಿಯ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎತ್ತಿಕೊಂಡಿದ್ದ ಕಾಗದಗಳನ್ನು ಮತ್ತೆ ಕೆಳಗಿಟ್ಟು, ಅಪಘಾತದ ದಿನಾಂಕ ಕೇಳಿ ಬರೆದುಕೊಂಡರು. ಆಮೇಲೆ, "ತಡವಾದ್ರೂ ಅಪಘಾತದ ವರದಿ ಕೊಡಿ. ಇಎಸ್‌ಐಯವರು ವಿಚಾರಣೆ ಮಾಡ್ತಾರೆ, ಸಿಗಬಹುದು, ಸಿಗದೇ ಇರಬಹುದು. ಸುಳ್ಳು ದಾಖಲೆಗೆ ನಿಮ್ಮ ಮೇಲೂ ಕ್ರಮ ಆಗುತ್ತೆ, ಅದಕ್ಕೆ ತಯಾರಿರಿ" ಎಂದರು. ಬಾಗಿಲವರೆಗೆ ಬಂದವಳನ್ನು ಮತ್ತೆ ಕರೆದು, "ಹಳೇ ಪುಸ್ತಕ ಮಾತ್ರ ಮುಟ್ಟಬೇಡಿ. ಈಗ ತಿದ್ದಿದ್ರೆ ಅದು ಇನ್ನೊಂದು ಅಪರಾಧ. ಇದ್ದ ಹಾಗೇ ಒಪ್ಪಿಸಿ" ಎಂದರು.

ಮನೆಯಲ್ಲಿ ಯಜಮಾನರು, "ಮಾಯ್ದಿರೋ ಗಾಯ ಯಾಕೆ ಕೆರೀತೀಯ? ಅವ್ನು ಕೇಳಿದ್ನಾ?" ಎಂದರು. ಕೇಳಲಿಲ್ಲ ಎಂದೆ. ಆಟೋ ಪೆಟ್ಟಿಗೆಯ ಮಾತು ಎತ್ತಿದ್ದಕ್ಕೆ ಅವರು ಎದ್ದುಹೋದರು. ಮರುದಿನ ಬೆಳಿಗ್ಗೆ ಮಾತ್ರ ನಾನು ಬರೆದಿಟ್ಟ ವರದಿಯ ಮೇಲೆ ಸಹಿ ಹಾಕಿದರು. ಅವರಿಗೂ ಎರಡು ವರ್ಷದಿಂದ ನಿದ್ದೆ ಸರಿಯಿಲ್ಲವೆಂದು ನನಗೆ ಗೊತ್ತಿತ್ತು, ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ವರದಿಯನ್ನು ಹೊಸದುರ್ಗದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ, ಒಂದು ಪ್ರತಿ ಹಿಡಿದು ಗೇಟಿನ ಹತ್ತಿರ ಬಂದೆ. ಅಣ್ಣ ಸ್ಟೂಲಿನಿಂದ ಎದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ನೋಟಿಸು, ಒಂದು ಹಾಳೆ, ಪರಿಹಾರ, ಮುಚ್ಚಿಟ್ಟದ್ದು, ಎಲ್ಲ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು. ಅವರು ಕೈಯನ್ನು ಟವೆಲ್ಲಿನ ಒಳಗಿಟ್ಟುಕೊಂಡು ಕೇಳಿದರು.

"ನನ್ದು ಬಿಡ್ರಿ ಅಮ್ಮಾರೆ" ಎಂದರು ಕೊನೆಗೆ. "ಮನೇಗ್ ಬಂದು ಅವ್ಳಿಗೆ ಹೇಳ್ರಿ. ಆ ದಿನದಿಂದ ಅವ್ಳು ಸರಿಯಿಲ್ಲ."

ಅವಳೆಂದರೆ ಅವರ ಹೆಂಡತಿ, ನನಗೆ ಅಕ್ಕ. ಅಕ್ಕನನ್ನು ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಆಸ್ಪತ್ರೆಯಲ್ಲಿ. ಅದೇ ಸಂಜೆ ಅಣ್ಣನ ಜೊತೆ ಅವರ ಹಳ್ಳಿಗೆ ಹೋದೆ. ಅಕ್ಕ ಎಮ್ಮೆ ಹಾಲು ಕರೆದು ಆಗಷ್ಟೇ ಎದ್ದಿದ್ದರು. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಸಿದರು. ಹಿತ್ತಲ ಮೂಲೆಯಲ್ಲಿ ಮೇವು ಕತ್ತರಿಸುವ ಯಂತ್ರ ಗೋಣಿಚೀಲ ಹೊದ್ದು ಕೂತಿತ್ತು. ಎರಡು ವರ್ಷದಿಂದ ಅದನ್ನು ತಿರುಗಿಸಿಲ್ಲವಂತೆ. ಮೇವನ್ನು ಅಕ್ಕ ಕುಡುಗೋಲಿನಲ್ಲಿ ಕತ್ತರಿಸುತ್ತಾರೆ.

"ಮಿಷನ್ನಿಗೆ ಯಾಕೆ ಸುಮ್ಮನೆ ಶಿಕ್ಷೆ ಅಕ್ಕ?" ಎಂದೆ. ಹಗುರಾಗಿ ಮಾತು ಶುರುಮಾಡಲು ನೋಡಿದೆ.

"ಮಿಷನ್ನಿಗಲ್ಲ, ನನಗೆ" ಎಂದರು ಅಕ್ಕ. "ಅದು ಸ್ವಿಚ್ ಒತ್ತದೆ ತಿರುಗಲ್ಲ. ಊರಾಗೆ ಎಲ್ಲರ ಮನೇಲೂ ಅವೆ, ಎಲ್ಲರಿಗೂ ಗೊತ್ತು. ಇವ್ರು ಕೈ ಹಾಕಿದಾಗ ಒತ್ತಿದ್ಯಾರು? ಮನೇಲಿ ಇದ್ದಾಕಿ ನಾನೊಬ್ಳೇ ಅಂತ ಆಡ್ಕಂತಾರೆ."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಸ್ಪತ್ರೆಯಲ್ಲಿ ಆ ಸುಳ್ಳನ್ನು ಕಟ್ಟುವಾಗ ಸ್ವಿಚ್ಚಿನ ಯೋಚನೆ ನನಗೆ ಬಂದಿರಲಿಲ್ಲ. ಊರಿನವರಿಗೆ ಬಂದಿತ್ತು. ಜನ ಕೂತು ಲೆಕ್ಕ ಹಾಕಿದ್ದರು. ಗಂಡ ಕೈ ಹಾಕಿದ್ದಾಗ ನೋಡದೆ ಸ್ವಿಚ್ ಒತ್ತಿದವಳು ಎಂದು ಮೊದಲು, ನೋಡಿಯೂ ಒತ್ತಿದವಳು ಎಂದು ಆಮೇಲೆ. ಮದುವೆ ಮನೆಯಲ್ಲಿ ಅಕ್ಕ ತರಕಾರಿ ಹೆಚ್ಚಲು ಕೂತರೆ ಈಳಿಗೆ ಎಳೆದುಕೊಂಡು, "ನೀನ್ ಬ್ಯಾಡ ಬಿಡವ್ವ" ಎಂದು ನಕ್ಕವರಿದ್ದರು. ಅಣ್ಣ ಇಲ್ಲವೆಂದು ಹೇಳಿದರೆ ಹಾಗಾದರೆ ಯಾರು ಎಂದು ಕೇಳುತ್ತಾರೆ. ಯಾರೆಂದು ಹೇಳಿದರೆ ಅಮ್ಮಾರಿಗೆ ತೊಂದರೆ. ಅದಕ್ಕೇ ಅವರು ಸುಮ್ಮನಿದ್ದರು. ಅಕ್ಕನೂ ಸುಮ್ಮನಿದ್ದರು.

ಬ್ಯಾಗಿನಿಂದ ವರದಿಯ ಪ್ರತಿ ತೆಗೆದು ಅವರ ಕೈಗೆ ಕೊಟ್ಟೆ. ಇದರಲ್ಲಿ ಎಲ್ಲ ನಿಜ ಬರೆದಿದ್ದೇನೆ, ಪರಿಹಾರ ಬರಬಹುದು ಎಂದೆ. ಅಕ್ಕನಿಗೆ ಓದು ಬರುವುದಿಲ್ಲ. ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಅಕ್ಷರ ಚೆಂದ ಐತೆ" ಎಂದರು. "ಇದನ್ನ ನಮ್ಮೂರಾಗೆ ಯಾರು ಓದ್ತಾರ್ರಿ? ನಾನೀಗ ಡೈರಿಗೆ ಹಾಲು ಹಾಕಾಕೆ ಹೊಂಟೀನಿ. ಎಲ್ಲಾರೂ ಅಲ್ಲಿರ್ತಾರೆ. ನೀವೂ ಬರ್ರಿ. ಬಾಯಾಗೆ ಹೇಳ್ರಿ."

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಕಾಗದವೇ ಸಾಕು ಎನ್ನಿಸಿತು. ದಂಡವಾದರೂ ಕಟ್ಟೇನು, ಕೋರ್ಟಿನಲ್ಲಾದರೂ ನಿಂತೇನು, ಆ ಡೈರಿಯ ಮುಂದೆ ಬೇಡ. ಅಕ್ಕ ಹಾಲಿನ ಕ್ಯಾನು ಎತ್ತಿಕೊಂಡು, "ಹೋಗಾಣ" ಎಂದು ಮುಂದೆ ನಡೆದೇಬಿಟ್ಟರು. ಹಿಂದೆ ಹೋದೆ. ಅಣ್ಣ ಬರಲಿಲ್ಲ.

ಡೈರಿಯ ಮುಂದೆ ಮೂವತ್ತು ನಲವತ್ತು ಜನ ಸಾಲು ನಿಂತಿದ್ದರು. ಕಾರ್ಯದರ್ಶಿ ಕಿಟಕಿಯ ಒಳಗೆ ಹಾಲು ಅಳೆದು, ಮಡಿಕೆ ಬಿದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಕ್ಕ ಸಾಲಿಗೆ ಸೇರಲಿಲ್ಲ. ಎಲ್ಲರ ಎದುರು ಕ್ಯಾನು ಕೆಳಗಿಟ್ಟು, "ಫ್ಯಾಕ್ಟರಿ ಅಮ್ಮಾರು ಏನೋ ಹೇಳ್ತಾರಂತೆ, ಕೇಳ್ರಿ" ಎಂದರು.

ಹೇಳಿದೆ. ಇವರ ಯಜಮಾನರ ಕೈ ಹೋದದ್ದು ಇವರ ಮನೆಯಲ್ಲಿ ಅಲ್ಲ, ನಮ್ಮ ಫ್ಯಾಕ್ಟರಿಯಲ್ಲಿ, ನಾವು ಹಾಕಿಸಿದ್ದ ಆಟೋದಿಂದ. ಅಕ್ಕ ಯಾವ ಸ್ವಿಚ್ಚನ್ನೂ ಮುಟ್ಟಿಲ್ಲ. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು ನಾನು. ಪೂರ್ತಿ ಹೇಳಿದೆ. ಯಾರೂ ಬೈಯಲಿಲ್ಲ. ಈಳಿಗೆ ಎಳೆದುಕೊಂಡಾಕೆ ಯಾರೋ, ಆ ಸಾಲಿನಲ್ಲೇ ಇದ್ದಿರಬೇಕು. ಎಲ್ಲರೂ ತಮ್ಮ ತಮ್ಮ ಕ್ಯಾನು ನೋಡುತ್ತಿದ್ದರು. ಅಕ್ಕ ಸೆರಗಿನಿಂದ ಒಂದೇ ಸಲ ಮುಖ ಒರೆಸಿಕೊಂಡರು.

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲಮ್ಮ?" ಎಂದು ಕೇಳಿದ್ದು ಕಿಟಕಿಯ ಒಳಗಿನ ಕಾರ್ಯದರ್ಶಿ. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿದ್ದರು. ಕುಟುಕುವ ದನಿಯಲ್ಲ, ತಿಳಿದುಕೊಳ್ಳುವ ದನಿ.

"ನನ್ನ ಪುಸ್ತಕದಲ್ಲಿ ಭಾನುವಾರ ರಜೆ ಅಂತ ಬರೆದಿದ್ದೆ" ಎಂದೆ.

"ತಪ್ಪು ಬರೆದಿದ್ರಾ?"

"ಹೌದು."

"ಒಂದು ಗೀಟು ಹೊಡೆದು ಮೇಲೆ ಸರಿಯಾದ್ದು ಬರೀಬೇಕಿತ್ತು" ಎಂದು ಅವರು ತಮ್ಮ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪುಟದ ತುಂಬ ಗೀಟು, ತಿದ್ದುಪಡಿ, ಪಕ್ಕದಲ್ಲಿ ಚಿಕ್ಕ ಸಹಿ. "ನಾನು ದಿನಾ ಹಂಗೇ ಮಾಡ್ತೀನಿ."

ಅಕ್ಕ ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಮುಂದಿದ್ದ ಹೆಂಗಸು ಪಕ್ಕಕ್ಕೆ ಸರಿದು, "ನೀನು ಮುಂದ್ ಬಾರವ್ವ" ಎಂದಳು. ಅಕ್ಕ ಬರಲಿಲ್ಲ.

ಈಗ ನಮ್ಮ ಗೇಟಿನ ಬೋರ್ಡಿನಲ್ಲಿ ವಾರದ ರಜೆ ಸೋಮವಾರ ಎಂದಿದೆ. ಒಂದು ಹಾಳೆ. ಆಟೋ ಪೆಟ್ಟಿಗೆ ಕಿತ್ತಾಗಿದೆ. ಇಎಸ್‌ಐ ವಿಚಾರಣೆಗೆ ಕರೆ ಬಂದಿದೆ, ಏನಾಗುತ್ತದೋ ತಿಳಿಯದು. ಒಪ್ಪಿಸಬೇಕಾದ ಹಳೆಯ ಪುಸ್ತಕವನ್ನು ನಿನ್ನೆ ಬಟ್ಟೆ ಸುತ್ತಿ ಇಡುವ ಮೊದಲು ಆ ವಾರದ ಪುಟ ತೆಗೆದೆ. ಕೈಯಲ್ಲಿ ಪೆನ್ನಿತ್ತು. ಗೀಟು ಹೊಡೆಯುವಂತಿಲ್ಲ, ಅಧಿಕಾರಿ ಹೇಳಿದ್ದಾರೆ. ಅಣ್ಣನ ಹೆಸರಿನ ಮುಂದೆ ಗೈರು ಎಂದಿದೆ, ಒಂದು ಚಿತ್ತೂ ಇಲ್ಲದೆ.